ಪರದೆಗೆ ಬಂದ ಬೆಕ್ಕು

ಗುರುವಾರ ಸಂಜೆ ತದ್ರೂಪ ಮನೆಗೆ ಬಂದು ಕಂಪ್ಯೂಟರ್ ತೆರೆದರೆ ಪರದೆಯ ತುಂಬ ಯಾರದೋ ಬೆಕ್ಕು. ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ ದಢೂತಿ ಬೆಕ್ಕು. ಗಾಬರಿಯಾಗಿ ಹೆಂಡತಿಯ ಲ್ಯಾಪ್‌ಟಾಪ್ ತೆರೆದ. ಅಲ್ಲಿಯೂ ಅದೇ ಬೆಕ್ಕು, ಅದೇ ಹೊಟ್ಟೆ.

“ಯಾರ ಬೆಕ್ಕು ಇದು?” ಹೆಂಡತಿ ಕೇಳಿದಳು.

“ಆಫೀಸಿಂದ ಬಂದಿದೆ. ಅವಳದೇ ಕೆಲಸ,” ಎಂದು ಹಲ್ಲು ಕಡಿದ.

“ಯಾವಳು?”

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಹೇಳುವಷ್ಟರಲ್ಲಿ ಊಟ ಆರಿಹೋಯಿತು.

ಗೆಳೆಯರು ಅವನಿಗಿಟ್ಟ ಹೆಸರು ತದ್ರೂಪ. ಕಸುಬಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಅವನು ಮುಟ್ಟುವ ಕಂಪ್ಯೂಟರುಗಳೆಲ್ಲ ಒಂದೇ ತೆರನಾಗಿರಬೇಕು. ಕಪ್ಪು ಹಿನ್ನೆಲೆ, ಹಸಿರು ಅಕ್ಷರ, ಯಾವ ಕೀಲಿ ಒತ್ತಿದರೆ ಏನಾಗಬೇಕೆಂಬ ಅವನದೇ ಏರ್ಪಾಡು. ಈ ಸೆಟ್ಟಿಂಗುಗಳನ್ನೆಲ್ಲ ಕೆಲವು ಫೈಲುಗಳಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಾನಾಗಿ ತಿದ್ದಿಕೊಳ್ಳುತ್ತಿತ್ತು. ಪರದೆಯೊಂದು ತನ್ನದಾಗಿದ್ದರೆ ಸಾಕು, ಸುತ್ತ ಏನಿದೆಯೆಂದು ತಲೆಯೆತ್ತಿ ನೋಡುವ ಜಾಯಮಾನ ಅವನದಲ್ಲ.

ಹಿಂದಿನ ಕೆಲಸ ಹೋದದ್ದೂ ಇದರಿಂದಲೇ. ಸಾಹೇಬರ ಒಳ್ಳೆಯದಕ್ಕೆಂದು ಅವರ ಕಂಪ್ಯೂಟರನ್ನೂ ತನ್ನದರಂತೆ ಮಾಡಿದ್ದ. ಜಗಳ ಬೀದಿಗೆ ಬಂದಿತ್ತು.

“ಈ ಹೊಸ ಕೆಲಸಾನೂ ಜಗಳ ಆಡಿ ಕಳ್ಕೊಂಡ್ರೆ, ಸೀದಾ ನಮ್ಮಣ್ಣನ ಕೋಳಿ ಫಾರಂಗೆ,” ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ತದ್ರೂಪನಿಗೆ ಕೋಳಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು.

ಹೊಸ ಕೆಲಸ ಸಿಕ್ಕಿದ್ದು ಫೋನಿನಲ್ಲಿ. “ನಾನು ಊರಲ್ಲಿರಲ್ಲ,” ಎಂದಿದ್ದರು ಹೊಸ ಸಾಹೇಬರು. “ಮೊದಲ ವಾರ ನಿಮ್ಮ ಕಂಪ್ಯೂಟರ್ ಸಿದ್ಧ ಮಾಡ್ಕೊಳ್ಳಿ. ಶುಕ್ರವಾರ ಸಿಗೋಣ.” ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸೋಮವಾರ ಫೋನಿನಲ್ಲಿ ಕಣ್ಣು ನೆಟ್ಟುಕೊಂಡೇ ಜನರ ಜೊತೆ ಲಿಫ್ಟಿನಿಂದ ಹೊರಬಿದ್ದ.

“ಸದ್ಯ, ಬಂದ್ರಲ್ಲ!” ಎಂದಳು ಬಾಗಿಲ ಬಳಿ ಕೂತಿದ್ದ ಹುಡುಗಿ. “ಆ ಮೂಲೇಲಿದೆ ನೋಡಿ ಕಂಪ್ಯೂಟರ್. ಇವತ್ತೇ ಮುಗಿಯುತ್ತಾ?”

“ಒಂದು ವಾರ ಬೇಕು.”

ಹುಡುಗಿಯ ಮುಖ ಸಪ್ಪಗಾಯಿತು. ಆಫೀಸು ರಾಜಕೀಯ ಹೊಸ್ತಿಲಲ್ಲೇ ಶುರುವಾಗುತ್ತದೆಂದು ಅವನು ಎಣಿಸಿರಲಿಲ್ಲ.

ಗುರುತಿನ ಚೀಟಿ ಕೇಳಿದರೆ “ನಿಮಗ್ಯಾಕ್ರೀ?” ಎಂದು ನಕ್ಕರು. ಕೊಟ್ಟ ಕಂಪ್ಯೂಟರೋ ಗೊರ ಗೊರ ಗೊರಕೆ ಹೊಡೆಯುತ್ತಿತ್ತು. ಬೇಕೆಂದೇ ಹಳೆಯದನ್ನು ಕೊಟ್ಟಿದ್ದಾರೆಂದು ಕಿವಿಗೆ ಹತ್ತಿ ಇಟ್ಟುಕೊಂಡ. ಸುತ್ತಲಿನವರು ದಿನವಿಡೀ ಯಾರದೋ ಕಾರಿನ ಗುದ್ದು, ಯಾರದೋ ಆಸ್ಪತ್ರೆ ಬಿಲ್ಲು ಎಂದು ಫೋನಿನಲ್ಲಿ ಹರಟುತ್ತಿದ್ದರು. ತನ್ನೆದುರು ಕೆಲಸದ ಮಾತೇ ಆಡಬಾರದೆಂದು ಇವರೆಲ್ಲ ಒಳಗೊಳಗೇ ಮಾತಾಡಿಕೊಂಡಿರಬೇಕು.

ಎಲ್ಲರಿಗಿಂತ ಅಪಾಯದವಳು ಅಲ್ಲಿಯೇ ಕೆಲಸಕ್ಕಿದ್ದ ಕನ್ನಡಕದವಳೊಬ್ಬಳು. ಗಳಿಗೆಗೊಮ್ಮೆ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದಳು. “ಇನ್ನೂ ಎಷ್ಟು ದಿನ ಇರ್ತೀರಾ?”

“ನಿವೃತ್ತಿ ಆಗೋವರೆಗೂ,” ಎಂದ ತದ್ರೂಪ. ಅವಳು ಬೆಚ್ಚಿ ಹಿಂದೆ ಸರಿದಳು.

ಗುರುವಾರ ಅವನು ಚಹಾಕ್ಕೆ ಎದ್ದ ಹೊತ್ತಿನಲ್ಲಿ ಅವಳು ಕೂತು, ಕಪ್ಪು ಪರದೆ ತೆಗೆದು ತನ್ನ ಬೆಕ್ಕನ್ನು ಹಾಕಿದಳು. ಅದೇ ಬೆಕ್ಕು ಅವನಿಗಿಂತ ಮೊದಲೇ ಮನೆ ಸೇರಿತ್ತು.

ಶುಕ್ರವಾರ ತದ್ರೂಪ ಸಾಹೇಬರ ಕೋಣೆಗೆ ನುಗ್ಗಿದ. “ಏನ್ರೀ?” ಎಂದ ಅವರ ದನಿ ಫೋನಿನಲ್ಲಿ ಕೇಳಿದ್ದಕ್ಕಿಂತ ಗಡಸಾಗಿತ್ತು. ಪ್ರಯಾಣದ ನೆಗಡಿಯಿರಬೇಕು.

“ಸಾರ್, ನಾನು ಜಗಳಗಂಟ ಅಲ್ಲ. ಆದ್ರೆ ಆ ಕನ್ನಡಕದ ಮೇಡಂ ನನ್ನ ಸೀಟಿನ ಮೇಲೆ ಕಣ್ಣು ಹಾಕಿದಾರೆ. ಒಂದೋ ಅವರಿರಬೇಕು, ಇಲ್ಲಾ ನಾನಿರಬೇಕು!”

“ಅಲ್ರೀ, ಆ ಸೀಟು ಅವರದೇ!” ಸಾಹೇಬರು ಮೇಜು ಕುಟ್ಟಿದರು. “ಕಂಪ್ಯೂಟರ್ ಫ್ಯಾನು ಸದ್ದು ಮಾಡುತ್ತೆ, ರಿಪೇರಿ ಮಾಡಿ ಅಂತ ನಿಮ್ಮನ್ನ ಕರೆಸಿದ್ದು. ವಾರ ಆಯ್ತು, ಅದು ಇನ್ನೂ ಕೂಗ್ತಾನೇ ಇದೆ.”

“ಫ್ಯಾನಾ? ಸಾರ್, ನಾನು ನಿಮ್ಮ ಹೊಸ ಇಂಜಿನಿಯರ್!”

“ಇದು ಇನ್ಶೂರೆನ್ಸ್ ಆಫೀಸು ಕಣ್ರೀ. ಸಾಫ್ಟ್‌ವೇರ್‌ನವರು ಮೇಲಿನ ಮಹಡೀಲಿದಾರೆ.”

ತದ್ರೂಪನ ಕಣ್ಣೆದುರು ಕೋಳಿಗಳು ಸಾಲುಗಟ್ಟಿ ನಡೆದವು. ಅವನು ಕೈ ಮುಗಿದ. “ಸಾರ್, ನೀವೇ ಒಂದು ಫೋನ್ ಮಾಡಿ ಹೇಳಿ. ದಿನಾ ತಪ್ಪದೆ ಬಂದಿದೀನಿ, ಮಹಡಿ ಮಾತ್ರ ತಪ್ಪಿತು ಅಂತ. ಇಡೀ ವಾರ ಅಲ್ಲಿ ನನ್ನ ಸೀಟು ಖಾಲಿ ಬಿದ್ದಿರುತ್ತೆ.”

ಸಾಹೇಬರ ಮನಸ್ಸು ಕರಗಿತು. ಮೇಲಿನ ಮಹಡಿಗೆ ಫೋನ್ ಮಾಡಿದರು. ಹೂಂ ಎಂದರು, ಹೌದೇ ಎಂದರು, ಬಹಳ ಹೊತ್ತು ಕೇಳಿಸಿಕೊಂಡು ಮೆಲ್ಲಗೆ ಫೋನ್ ಇಟ್ಟರು.

“ಅವರ ಇಂಜಿನಿಯರ್ ಸೋಮವಾರವೇ ಬಂದು ಸೇರಿದ್ದಾರಂತೆ. ಬಂದ ತಕ್ಷಣ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಫ್ಯಾನು ಬಿಚ್ಚಿ ಒರೆಸಿದರಂತೆ. ಇಂಥ ಕೆಲಸಗಾರನ್ನ ಕಂಡೇ ಇಲ್ಲ ಅಂತ ಇವತ್ತು ಖಾಯಂ ಮಾಡಿದರಂತೆ.”