ಕೆಂಡಕ್ಕೆ ಬಂದವಳು

ಖಾಲಿ ಬಾಣಲೆ ಹಿಡಿದು ಟಾಬಿತಾ ನೆರೆಮನೆಯ ಹಲ್ಡಾಳ ಬಾಗಿಲು ತಟ್ಟಿದಳು. ಅವಳ ಮನೆಯ ಒಲೆ ಆರಿಹೋಗಿತ್ತು, ಅತ್ತೆಯ ಮಡಿಲಲ್ಲಿ ಕೂಸು ಚಳಿಗೆ ನಡುಗುತ್ತಿತ್ತು. ಈ ಹಿಮದಲ್ಲಿ ನಡೆದು ತಲುಪಬಹುದಾದ ಮನೆ ಇದೊಂದೇ. ಆದರೆ ಸ್ವಾತಂತ್ರ್ಯಕ್ಕಾಗಿ ಊರೆಲ್ಲ ಹೋರಾಡಿದ ಯುದ್ಧದಲ್ಲಿ ಹಲ್ಡಾಳ ಗಂಡ ಇಂಗ್ಲೆಂಡಿನ ರಾಜನ ಕಡೆ ಸೇರಿದ್ದ. ಆ ಮನೆಯವರೊಡನೆ ಯಾರೂ ಮಾತಾಡಬಾರದೆಂದು ಊರು ಸಭೆ ಸೇರಿ ಕೈಯೆತ್ತಿ ತೀರ್ಮಾನಿಸಿತ್ತು. ಟಾಬಿತಾಳೂ ಕೈಯೆತ್ತಿದ್ದಳು.

ಬಾಗಿಲು ತೆರೆದ ಹಲ್ಡಾ ಬಾಣಲೆ ನೋಡಿದಳು. ಟಾಬಿತಾ ಏನೋ ಹೇಳಹೊರಟಳು.

“ಬಾಯಿ ಬಿಡ್ಬೇಡ ಕಣೇ, ಊರಿನ ಕಟ್ಟು ಮುರಿದುಹೋದೀತು. ಬಾಣಲೆ ಹಿಡಿ, ಸಾಕು,” ಎಂದ ಹಲ್ಡಾ, ಒಲೆಯಿಂದ ದೊಡ್ಡ ಕೆಂಡಗಳನ್ನೇ ಆಯ್ದು ಹಾಕಿ ಮೇಲೆ ಬೂದಿ ಮುಚ್ಚಿದಳು. “ಶಾಲಿನ ಮರೆ ಮಾಡ್ಕೊಂಡು ಹೋಗು, ಗಾಳಿ ಜೋರಾಗಿದೆ.”

ಬೇಲಿಯ ಬಳಿ ಟಾಬಿತಾ ನಿಂತಳು. ಹಿಮದ ದಾರಿಯಲ್ಲಿ ಊರ ಪಾದ್ರಿಯ ಕುದುರೆ ಜಾರುಬಂಡಿ ಬರುತ್ತಿತ್ತು. ಅದು ಹತ್ತಿರವಾಗುವವರೆಗೂ ಕಾದು, ತಿರುಗಿ ಗಟ್ಟಿಯಾಗಿ ಕೂಗಿದಳು:

“ಹಲ್ಡಕ್ಕಾ, ನಿಮ್ಮ ಕೆಂಡದಲ್ಲೇ ಸುಟ್ಟ ರೊಟ್ಟಿ ಸಂಜೆಗೆ ತರ್ತೀನಿ!”