ರೋಲರೋ, ಅಚ್ಚೋ

"ದೂರ ನಿಂತ್ಕೊ ಮಾರಾಯ, ನಿನ್ನ ದೃಷ್ಟಿ ತಾಗುತ್ತೆ!" ಎಂದು ಗುನ್ವೋರ್ ತೋರ್ಕೆಲನನ್ನು ಗದರಿಸಿ ತನ್ನ ಯಂತ್ರದ ಹಿಡಿ ಒತ್ತಿದಳು. ಗರಗರ ತಿರುಗುತ್ತಿದ್ದ ಉಕ್ಕಿನ ಕೊಳವೆಯ ತುದಿ ಕಾದು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರೋಲರ್ ಅದನ್ನು ಸವರಿಕೊಂಡು ಹೋಯಿತು, ಬಂತು, ಮತ್ತೆ ಹೋಯಿತು. ಕೊಳವೆಯ ತೆರೆದ ಬಾಯಿ ಮೊಟ್ಟೆಯ ತುದಿಯಂತೆ ದುಂಡಗೆ ಕೂಡಿಕೊಂಡಿತು.

"ಮಗುವಿಗೆ ಎಣ್ಣೆ ಹಚ್ಚಿದ ಹಾಗಾಯ್ತು. ಈಗ ಕೆಲಸ ಅಂದ್ರೆ ಏನು ಅಂತ ನೋಡು," ಎಂದು ತೋರ್ಕೆಲ್ ತನ್ನ ಯಂತ್ರದತ್ತ ನಡೆದ. ಅಲ್ಲಿ ರೋಲರ್ ಇಲ್ಲ. ಕದಲದೆ ನಿಂತ ಅಚ್ಚೊಂದು ತಿರುಗುವ ಕೊಳವೆಯನ್ನು ಉಜ್ಜಿ ಉಜ್ಜಿಯೇ ಬಾಗಿಸುತ್ತದೆ. ಕಿರ್ರೆಂಬ ಸದ್ದಿಗೆ ಗುನ್ವೋರ್ ಬೇಕೆಂದೇ ಎರಡೂ ಕಿವಿ ಮುಚ್ಚಿಕೊಂಡಳು.

ಸ್ವೀಡನ್ನಿನ ಆ ಗ್ಯಾಸ್ ಸಿಲಿಂಡರ್ ಕಾರ್ಖಾನೆಯಲ್ಲಿ ಇವರ ಜಗಳ ಎಲ್ಲರಿಗೂ ಕಾಫಿಯಷ್ಟೇ ರೂಢಿ. ಆದರೆ ಹೊಸ ಕಟ್ಟಡದಲ್ಲಿ ಒಂದೇ ಯಂತ್ರಕ್ಕೆ ಜಾಗ, ಇನ್ನೊಂದು ಗುಜರಿಗೆ. ಯಾರು ಮುಚ್ಚಿದ ತುದಿ ಗಟ್ಟಿ ಎಂದು ಮ್ಯಾನೇಜರ್ ರಗ್ನಾರ್ ಇಬ್ಬರ ನಡುವೆ ಈ ಪಂದ್ಯ ಇಟ್ಟದ್ದೇ ಅದಕ್ಕಾಗಿ.

ಹೀಗೆ ತುದಿ ಮುಚ್ಚಿ ತಯಾರಾದ ಎರಡೂ ಸಿಲಿಂಡರುಗಳಿಗೆ ನೀರು ತುಂಬಿ, ಗೋಡೆಯಾಚೆ ಇಟ್ಟು, ಒಡೆಯುವ ತನಕ ಒತ್ತಡ ಏರಿಸಿದರು. ಗುನ್ವೋರ್ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತ ನಿಂತಳು. ಮುಚ್ಚಿದ ತುದಿಯೇ ಬಿರಿದರೆ ತನ್ನ ಕಥೆ ಮುಗಿದಂತೆ. ಧಡ್! ಸ್ವಲ್ಪ ಹೊತ್ತಿಗೆ ಇನ್ನೊಂದು ಧಡ್!

ಓಡಿ ಹೋಗಿ ನೋಡಿದರೆ ಎರಡೂ ನಡುಹೊಟ್ಟೆಯಲ್ಲಿ ಸೀಳಿಹೋಗಿದ್ದವು. ತುದಿಗಳಿಗೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಗುನ್ವೋರ್ "ಹೋ!" ಎಂದು ಕೂಗಿ, ಎದುರಿಗೆ ಸಿಕ್ಕವನನ್ನು ತಬ್ಬಿಕೊಂಡಳು. ಸಿಕ್ಕವನು ತೋರ್ಕೆಲ್. ಇಬ್ಬರೂ ಒದ್ದೆ ನೆಲದ ಮೇಲೆ ಮಕ್ಕಳ ಹಾಗೆ ಕುಣಿದರು.

ರಗ್ನಾರ್ ಎರಡೂ ತುದಿಗಳನ್ನು ಗರಗಸದಲ್ಲಿ ಸೀಳಿಸಿದ. ಗುನ್ವೋರ್ ತೋರ್ಕೆಲನ ತುಂಡನ್ನು ಬೆಳಕಿಗೆ ಹಿಡಿದಳು. ಉಜ್ಜಿದ ಬಿಸಿಗೆ ನಟ್ಟನಡುವೆ ಉಕ್ಕು ಎಷ್ಟು ಚೆನ್ನಾಗಿ ಬೆಸೆದುಕೊಂಡಿತ್ತೆಂದರೆ ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಅಯ್ಯೋ, ಎಷ್ಟು ಚೆಂದ! ಅತ್ತ ತೋರ್ಕೆಲ್ ಅವಳ ತುಂಡಿನ ಮೇಲೆ ಬೆರಳಾಡಿಸುತ್ತಿದ್ದ. ಒಂದು ಗೀರಿಲ್ಲ, ದಪ್ಪದಲ್ಲಿ ಏರುಪೇರಿಲ್ಲ.

"ಸರಿ, ಯಾರ ಯಂತ್ರ ಗುಜರಿಗೆ?" ಎಂದು ರಗ್ನಾರ್ ಕೇಳಿದ.

"ನಂದು!" ಎಂದರು ಇಬ್ಬರೂ ಒಟ್ಟಿಗೆ.

"ತಲೆ ಕೆಟ್ಟಿದ್ಯಾ ನಿಂಗೆ? ನಿನ್ನ ಅಚ್ಚೇ ಇರ್ಬೇಕು!" ಎಂದಳು ಗುನ್ವೋರ್.

"ಆ ಅಚ್ಚು ಬೇಗ ಸವೆದು ಹೋಗುತ್ತೆ ಕಣೇ, ಮೈಯೆಲ್ಲ ಗೀರು ಬೇರೆ. ರೋಲರೇ ಸರಿ!"

"ರೋಲರ್ ನಡು ಮುಚ್ಚೋ ಹೊತ್ತಿಗೆ ತುದಿ ತಣ್ಣಗಾಗ್ತಾ ಬರುತ್ತೆ, ಉಕ್ಕು ಸರಿಯಾಗಿ ಬೆಸೆಯಲ್ಲ. ನಾನೇ ಹೇಳ್ತಿದ್ದೀನಿ, ಕೇಳೋ!"

ಮಾತು ಏರಿತು. ಹಳೆಯ ಜಗಳಗಳೆಲ್ಲ ಇದರ ಮುಂದೆ ಪಿಸುಮಾತು. ರಗ್ನಾರ್ ತಲೆ ಹಿಡಿದುಕೊಂಡ. "ಎರಡೂ ಇರ್ಲಿ, ಗೋಡೆ ಒಡೆಸಿ ಜಾಗ ಮಾಡ್ತೀನಿ! ದಯವಿಟ್ಟು ಇಬ್ರೂ ಬಾಯಿ ಮುಚ್ಚಿ!"

ಗುನ್ವೋರ್ ನಗು ತಡೆಯಲಾರದೆ ತೋರ್ಕೆಲನ ಹೆಗಲಿಗೆ ಒರಗಿದಳು. "ಕೊಳವೆ ಬಾಯಿ ಆದ್ರೆ ಮುಚ್ಚಬಹುದು ರಗ್ನಾರ್. ನಮ್ಮ ಬಾಯಿ ಮುಚ್ಚೋ ಯಂತ್ರ ಇನ್ನೂ ಬಂದಿಲ್ಲ."