ತುಂಬಿದ ಗುಳಿ

ಕಿರಿಯ ವಿಜ್ಞಾನಿ ತನ್ನ ಹೊಸ ರೇಡಿಯೊ ಚಿತ್ರವನ್ನು ಮೇಡಂ ಅವರ ಹಳೆಯ ಎಕ್ಸ್-ರೇ ಚಿತ್ರದ ಮೇಲೆ ಕೂರಿಸಿ ತಲೆ ಕೆರೆದುಕೊಂಡ. "ಗ್ಯಾಲಕ್ಸಿ ನಡುವಿನ ಕಪ್ಪುಕುಳಿ ಎರಡೂ ಕಡೆ ಹೀಗೆ ಕಣಗಳ ಧಾರೆ ಚಿಮ್ಮಿಸಿದೆ ಮೇಡಂ. ಸುತ್ತಲಿನ ಬಿಸಿ ಅನಿಲಾನ ಆಚೆ ತಳ್ಳಿ, ಇಲ್ಲಿ ಎರಡು ಗುಳಿ ಮಾಡಿರ್ಬೇಕಿತ್ತು. ನಿಮ್ಮ ಚಿತ್ರ ನೋಡಿದ್ರೆ ಬೆಣ್ಣೆ ಹಾಗೆ ನುಣ್ಣಗಿದೆಯಲ್ಲ?"

ಮೇಡಂ ತಿದ್ದುವುದಕ್ಕೆ ಮೊದಲಿನ ಚಿತ್ರವನ್ನು ತೆರೆದರು. ಗುಳಿಗಳು ಅಲ್ಲೇ ಇದ್ದವು, ಬೆಳಗುವ ಅನಿಲಕ್ಕೆ ಯಾರೋ ಎರಡು ಕಡೆ ಹೆಬ್ಬೆರಳು ಒತ್ತಿದ ಹಾಗೆ. ಅವನ್ನು ಮೊದಲು ಕಂಡವಳು ಅವರ ಆಗಿನ ವಿದ್ಯಾರ್ಥಿನಿ. "ಒಳಗಿಂದ ಏನೋ ತಳ್ಳಿದ ಹಾಗಿದೆ ಮೇಡಂ," ಎಂದಿದ್ದಳು. "ಕ್ಯಾಮೆರಾದ ಕಲೆ ಅದು, ತುಂಬಿಬಿಡು. ಅಷ್ಟೂ ಗೊತ್ತಾಗ್ದೆ ಇದ್ರೆ ಈ ಕೆಲ್ಸ ನಿಂಗ್ಯಾಕೆ?" ಎಂದು ಮೇಡಂ ಎಲ್ಲರೆದುರು ಗದರಿದ್ದರು. ಅವಳು ಅಕ್ಕಪಕ್ಕದ ಬೆಳಕನ್ನೇ ತಂದು ಎರಡನ್ನೂ ಮುಚ್ಚಿದ್ದಳು. ಆ ವರ್ಷವೇ ಸಂಶೋಧನೆ ಬಿಟ್ಟು ಹೋದಳು.

ಕಿರಿಯ ವಿಜ್ಞಾನಿಯನ್ನು ಕಳಿಸಿ, ಬಾಗಿಲು ಹಾಕಿಕೊಂಡು ಮೇಡಂ ಅವಳಿಗೆ ಫೋನು ಮಾಡಿದರು. ನೀನು ಕಂಡದ್ದೇ ಸರಿ ಎನ್ನಬೇಕೆಂದಿದ್ದರು. ಬಾಯಿಗೆ ಬಂದದ್ದು ಬೇರೆ. "ಏನ್ಮಾಡ್ತಿದ್ದೀಯಮ್ಮ ಈಗ?"

"ಫೋಟೋ ಸ್ಟುಡಿಯೋದಲ್ಲಿದ್ದೀನಿ ಮೇಡಂ!" ಅವಳ ದನಿಯಲ್ಲಿ ಹಳೆಯ ಕಹಿಯ ಸುಳಿವೇ ಇರಲಿಲ್ಲ. "ಮದುಮಕ್ಕಳ ಮುಖದ ಕಲೆ, ಮೊಡವೆ ಗುಳಿ ಎಲ್ಲಾ ತುಂಬ್ತೀನಿ. ಅಲ್ಲೇನೋ ಇತ್ತು ಅಂತಾನೇ ಯಾರಿಗೂ ಗೊತ್ತಾಗಲ್ಲ. ನೀವೇ ಕಲ್ಸಿದ್ದಲ್ವಾ?"